ಡಿಲೀಟ್ ಆದ ವಿಡಿಯೋ: ಎಲ್ಲಿ ಹುಡುಕಬೇಕು, ಹೇಗೆ?

ಅಷ್ಟಮಿ ಕಳೆದು ವಾರವಾಗಿತ್ತು. ಅಕ್ಕನ ಫೋನ್ ಬಂತು. "ಮಗನ ಹುಲಿ ಹೋಯ್ತು ಮಾರಾಯ, ಎಂತ ಮಾಡುದು ಈಗ?"

ಹೋದದ್ದು ವಿಡಿಯೋ. ಏಳು ವರ್ಷದ ಅಳಿಯ ಅಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವದ ದಿನ ಉಡುಪಿಯ ರಥಬೀದಿಯಲ್ಲಿ ಮೊದಲ ಸಲ ಹುಲಿವೇಷ ಹಾಕಿದ್ದ. ತಾಸೆ ವಾದ್ಯದ ಪೆಟ್ಟಿಗೆ ಕುಣಿಯುತ್ತಾ ನೆಲದ ಮೇಲಿಟ್ಟ ಹತ್ತು ರೂಪಾಯಿ ನೋಟನ್ನು ಬಾಯಲ್ಲೇ ಕಚ್ಚಿ ಎತ್ತಿದ್ದ. ಸ್ಟೋರೇಜ್ ಫುಲ್ ಎಂದು ಫೋನ್ ಗೋಳಾಡಿದಾಗ ಅಕ್ಕ ಹಳೆಯದನ್ನೆಲ್ಲ ಒಟ್ಟಿಗೆ ಅಳಿಸಿದ್ದಾಳೆ. ಅದರೊಟ್ಟಿಗೆ ಹುಲಿಯೂ ಹೋಗಿದೆ.

ಮೊದಲು ಕೈ ಕಟ್ಟಿಕೊಳ್ಳಿ

ಹೊಸ ವಿಡಿಯೋ ತೆಗೆಯಬೇಡಿ, ಹೊಸ ಆಪ್ ಹಾಕಬೇಡಿ. ಕಸದ ಬುಟ್ಟಿ, ಅಂದರೆ ಟ್ರ್ಯಾಶ್ ಖಾಲಿ ಮಾಡಲೇಬೇಡಿ. ಅಲ್ಲಿರುವ ಫೈಲುಗಳೂ ಜಾಗ ತಿನ್ನುತ್ತವೆ. ಹಾಗಾಗಿ ಅಳಿಸಿದ ಮೇಲೂ "ಜಾಗ ಇಲ್ಲ" ಎಂದು ಫೋನ್ ಹೇಳುತ್ತಲೇ ಇರುತ್ತದೆ, ನಾವು ಸಿಟ್ಟಿನಲ್ಲಿ ಅದನ್ನೂ ಗುಡಿಸುತ್ತೇವೆ. ಅಕ್ಕ ಮಾಡಿದ್ದೂ ಇದನ್ನೇ.

ಬುಟ್ಟಿ ಒಂದೇ ಅಲ್ಲ

ಗೂಗಲ್ ಫೋಟೋಸ್ ತೆರೆದು, ಕಲೆಕ್ಷನ್ಸ್ ಒಳಗೆ ಟ್ರ್ಯಾಶ್ ನೋಡಿ. ಕೆಲವರ ಫೋನಿನಲ್ಲಿ ಅದರ ಹೆಸರು ಬಿನ್. ವಿಡಿಯೋ ಮೇಲೆ ಬೆರಳು ಒತ್ತಿ ಹಿಡಿದು ರೀಸ್ಟೋರ್ ಕೊಟ್ಟರೆ ಮೊದಲಿದ್ದ ಜಾಗಕ್ಕೇ ಬಂದು ಕೂರುತ್ತದೆ. ಬ್ಯಾಕಪ್ ಆಗಿದ್ದ, ಅಂದರೆ ಗೂಗಲ್ ಖಾತೆಗೂ ಒಂದು ಪ್ರತಿ ಹೋಗಿದ್ದ ವಿಡಿಯೋ ಇಲ್ಲಿ 60 ದಿನ ಇರುತ್ತದೆ. ಆಗಿರದಿದ್ದರೆ, ಆಂಡ್ರಾಯ್ಡ್ 11 ಅಥವಾ ಆಮೇಲಿನ ಫೋನಿನಲ್ಲಿ 30 ದಿನ.

ಇಲ್ಲಿ ಸಿಗದಿದ್ದರೆ ಫೋನಿನ ಸ್ವಂತ ಗ್ಯಾಲರಿಗೆ ಹೋಗಿ. ಸ್ಯಾಮ್‌ಸಂಗ್ ಗ್ಯಾಲರಿಗೆ ಬೇರೆಯದೇ ಟ್ರ್ಯಾಶ್ ಉಂಟು, ಅಲ್ಲಿ 30 ದಿನ. ಫೈಲ್ಸ್ ಆಪ್‌ನಲ್ಲಿ ಅಳಿಸಿದ್ದರೆ ಅದರೊಳಗಿನ ಟ್ರ್ಯಾಶನ್ನೇ ನೋಡಬೇಕು. ಐಫೋನಿನವರು ಫೋಟೋಸ್‌ನಲ್ಲಿ ಕೆಳಗೆ ಹೋಗಿ 'ರೀಸೆಂಟ್ಲಿ ಡಿಲೀಟೆಡ್' ತೆರೆಯಿರಿ. ಅಲ್ಲೂ 30 ದಿನ.

ಒಂದು ಗೊಂದಲ ಜಾಸ್ತಿ ಜನರಿಗೆ ಇದೆ. ಗೂಗಲ್ ಫೋಟೋಸ್‌ನ 'ಫ್ರೀ ಅಪ್ ಸ್ಪೇಸ್' ಒತ್ತಿದರೆ ಫೋನಿನ ಪ್ರತಿ ಮಾತ್ರ ಹೋಗುತ್ತದೆ, ಗೂಗಲ್ ಖಾತೆಯಲ್ಲಿ ವಿಡಿಯೋ ಇದ್ದೇ ಇರುತ್ತದೆ. ಅದೇ ಆಪ್‌ನಲ್ಲಿ ಡಿಲೀಟ್ ಒತ್ತಿದರೆ ಎರಡೂ ಕಡೆ ಹೋಗುತ್ತದೆ. ಎರಡೆರಡು ಜಿಮೇಲ್ ಇದ್ದವರು ಇನ್ನೊಂದು ಖಾತೆಯನ್ನೂ ಒಮ್ಮೆ ನೋಡಿಬಿಡಿ. ಅಕ್ಕನದ್ದು ಬ್ಯಾಕಪ್ಪೇ ಆಫ್.

ರಿಕವರಿ ಆಪ್ ನಂಬಬಹುದಾ?

ಫೋನಿನ ಒಳಗಿನ ಸ್ಟೋರೇಜ್ ಮಟ್ಟಿಗೆ ನನ್ನ ಉತ್ತರ: ಬೇಡ. ಆಂಡ್ರಾಯ್ಡ್ 10ರೊಂದಿಗೆ ಬಂದ ಫೋನುಗಳಿಂದ ಈಚೆಗೆ ಫೈಲುಗಳೆಲ್ಲ ಎನ್‌ಕ್ರಿಪ್ಟ್ ಆಗಿಯೇ, ಅಂದರೆ ಕೀಲಿ ಇಲ್ಲದೆ ಓದಲಾಗದ ಗುಪ್ತ ರೂಪದಲ್ಲೇ ಇರುತ್ತವೆ. ಫೈಲ್ ಅಳಿಸಿದಾಗ ಅದನ್ನು ಬಿಡಿಸುವ ಕೀಲಿಯೂ ಹೋಗುತ್ತದೆ. ಕೀಲಿಯೇ ಇಲ್ಲ, ಬೀಗ ಎಲ್ಲಿಂದ ತೆಗೆಯುವುದು? ಇಂಥ ಆಪ್‌ಗಳು ಹೆಚ್ಚಾಗಿ ತೋರಿಸುವುದು ಎಲ್ಲೋ ಉಳಿದ ಪುಟ್ಟ ಥಂಬ್‌ನೇಲ್ ಚಿತ್ರಗಳನ್ನು. ಆಸೆ ಹುಟ್ಟಿಸಿ ದುಡ್ಡು ಕೇಳುತ್ತವೆ.

ಮೆಮೊರಿ ಕಾರ್ಡಿನ ಕಥೆ ಬೇರೆ. ಅಲ್ಲಿ ಅಳಿಸಿದ್ದರೂ ಅದರ ಮೇಲೆ ಹೊಸದು ಬರೆಯುವವರೆಗೆ ವಿಡಿಯೋ ಉಳಿದಿರಬಹುದು. ಕೂಡಲೇ ಕಾರ್ಡ್ ಹೊರಗೆ ತೆಗೆಯಿರಿ. ಕಾರ್ಡ್ ರೀಡರ್‌ನಲ್ಲಿ ಕಂಪ್ಯೂಟರಿಗೆ ಹಾಕಿ. "ಫಾರ್ಮ್ಯಾಟ್ ಮಾಡಬೇಕೇ" ಎಂದು ಕೇಳಿದರೆ ಬೇಡ ಎನ್ನಿ. ಅಳಿಸಿದ ಫೈಲು ಹುಡುಕಿಕೊಡುವ ಸಾಫ್ಟ್‌ವೇರ್‌ಗಳಲ್ಲಿ ಫೋಟೋರೆಕ್ ಪೂರ್ತಿ ಉಚಿತ, ಆದರೆ ನೋಡಲು ಕಪ್ಪು ಪರದೆ, ಅಕ್ಷರ ಮಾತ್ರ. ವಿಂಡೋಸ್‌ನಲ್ಲಿ ರೆಕುವಾ ಸಲೀಸು. ಸಿಕ್ಕಿದ್ದನ್ನು ಕಂಪ್ಯೂಟರಿಗೇ ಉಳಿಸಿ, ಅದೇ ಕಾರ್ಡಿಗೆ ಹಾಕಿದರೆ ಸಿಗಬೇಕಾದ ಇನ್ನೊಂದು ಅಳಿಸಿಹೋಗುತ್ತದೆ. ದೊಡ್ಡ ವಿಡಿಯೋಗಳು ಕೆಲವೊಮ್ಮೆ ಅರ್ಧಕ್ಕೇ ನಿಲ್ಲುವುದೂ ಉಂಟು.

ಯಾರಿಗಾದರೂ ಕಳಿಸಿದ್ರಾ?

ಇದನ್ನು ನಾನು ಮೊದಲೇ ಕೇಳಬೇಕಿತ್ತು, ಹೊಳೆದದ್ದು ಕೊನೆಗೆ. ವಾಟ್ಸ್‌ಆಪ್‌ನಲ್ಲಿ ಕಳಿಸಿದ ವಿಡಿಯೋದ ಒಂದು ಪ್ರತಿ ಆಂಡ್ರಾಯ್ಡ್ ಫೋನಿನ 'ವಾಟ್ಸ್‌ಆಪ್ ವಿಡಿಯೋ' ಫೋಲ್ಡರಿನೊಳಗೆ 'ಸೆಂಟ್' ಎಂಬಲ್ಲಿ ಕೂತಿರುತ್ತದೆ. ಗ್ಯಾಲರಿಯಲ್ಲಿ ಇದು ಕಾಣುವುದಿಲ್ಲ, ಫೈಲ್ ಮ್ಯಾನೇಜರ್‌ನಲ್ಲೇ ಹುಡುಕಬೇಕು.

ಅಕ್ಕ ವಾಟ್ಸ್‌ಆಪನ್ನೂ ಗುಡಿಸಿದ್ದಳು! ಆದರೆ ಕುಟುಂಬದ ಗ್ರೂಪಿಗೆ ಆ ದಿನ ಹಾಕಿದ್ದು ನೆನಪಾಯಿತು. ಮುಂಬೈಯ ಚಿಕ್ಕಮ್ಮನಿಗೆ ಫೋನ್ ಮಾಡಿದೆವು. ಅವರು ಏನನ್ನೂ ಅಳಿಸುವವರಲ್ಲ, 'ಗುಡ್ ಮಾರ್ನಿಂಗ್' ಹೂವುಗಳ ನಡುವೆ ಹುಲಿಯೂ ಇತ್ತು. ವಿಡಿಯೋ ಎಂದು ಕಳಿಸಿದರೆ ವಾಟ್ಸ್‌ಆಪ್ ಮತ್ತೆ ಕುಗ್ಗಿಸುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ ಎಂದೆ. ಹಾಗೇ ಕಳಿಸಿದರು.

ಮೊದಲ ಸಲವೇ ಕುಗ್ಗಿದ ಪ್ರತಿ ಅಲ್ವಾ, ಸ್ವಲ್ಪ ಮಬ್ಬು. ಅಳಿಯ ಎರಡು ಸಲ ನೋಡಿ, "ಬಾಲ ಸರಿ ಕಾಣುದೇ ಇಲ್ಲ ಮಾಮ" ಎಂದ.