ದಿನಕ್ಕೆ 60 ನಿಮಿಷ: ಮಗುವಿನ ಆಟೋಟಕ್ಕೆ ಹೊತ್ತು ಹೊಂದಿಸುವ ಬಗೆ

ಮಗುವಿಗೆ ವ್ಯಾಯಾಮ ಸಾಲದು ಎಂದು ಅನ್ನಿಸಿದ ಕೂಡಲೇ ಅನೇಕ ಪೋಷಕರು ಕ್ರೀಡಾ ತರಬೇತಿಯ ತರಗತಿಯನ್ನು ಹುಡುಕಲು ಹೊರಡುತ್ತಾರೆ. ವಾರಕ್ಕೆ ಎರಡು ದಿನ, ಒಂದೊಂದು ಗಂಟೆ ಕಳುಹಿಸಿದರೆ ಸಾಕೆಂದು ನೆಮ್ಮದಿಯಿಂದಿರುತ್ತಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಮಧ್ಯಮ ಅಥವಾ ತೀವ್ರ ಚಟುವಟಿಕೆ ಬೇಕು. ಅಂದರೆ ವಾರಕ್ಕೆ ಏಳು ಗಂಟೆ. ತರಗತಿಯಲ್ಲಿ ಸಾಲಿನಲ್ಲಿ ನಿಂತು ಸರದಿಗಾಗಿ ಕಾಯುವ ಹೊತ್ತನ್ನು ಕಳೆದರೆ, ಆ ಎರಡು ಗಂಟೆಗಳಿಂದ ಅದರ ಕಾಲುಭಾಗ ತುಂಬಿದರೆ ಹೆಚ್ಚು. ಉಳಿದದ್ದನ್ನು ದಿನಚರಿಯಲ್ಲಿಯೇ ಹುಡುಕಿಕೊಳ್ಳಬೇಕು.

ಹಾಗೆ ಹುಡುಕುವುದು ಕಷ್ಟವೇನಲ್ಲ, ಏಕೆಂದರೆ 60 ನಿಮಿಷಗಳು ಒಂದೇ ಸಲಕ್ಕೆ ಆಗಬೇಕೆಂಬ ನಿಯಮವಿಲ್ಲ. ಶಾಲೆಗೆ ಬಿರುಸಾಗಿ ನಡೆದುಹೋಗುವ ಹದಿನೈದು ನಿಮಿಷ, ಬಿಡುವಿನಲ್ಲಿ ಓಡುವ ಹತ್ತು ನಿಮಿಷ, ಸಂಜೆ ಗೆಳೆಯರೊಡನೆ ಆಡುವ ಅರ್ಧ ಗಂಟೆ, ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಒಂದು ವಾರದ ಮಟ್ಟಿಗೆ ಮಗು ಯಾವ ಹೊತ್ತಿನಲ್ಲಿ ಓಡಾಡಿತು, ಯಾವ ಹೊತ್ತಿನಲ್ಲಿ ಕುಳಿತಿತ್ತು ಎಂಬುದನ್ನು ಬರೆದಿಟ್ಟು ನೋಡಿದರೆ ಎಲ್ಲಿ ಜಾಗವಿದೆ ಎಂಬುದು ತಾನಾಗಿಯೇ ಕಾಣುತ್ತದೆ.

ಚಟುವಟಿಕೆ ಸಾಕಷ್ಟು ಬಿರುಸಾಗಿದೆಯೇ ಎಂದು ತಿಳಿಯಲು ಕೈಗಡಿಯಾರದಂಥ ಉಪಕರಣ ಬೇಕಿಲ್ಲ. ಮಗುವನ್ನು ಮಾತನಾಡಿಸಿದರೆ ಸಾಕು. ಮಾತನಾಡಲು ಆಗುತ್ತದೆ, ಆದರೆ ಹಾಡಲು ಆಗುವುದಿಲ್ಲ ಎಂದಾದರೆ ಅದು ಮಧ್ಯಮ ಮಟ್ಟ. ಮುಟ್ಟಾಟದ ನಡುವೆ ಕೆಂಪೇರಿದ ಮುಖದಲ್ಲಿ ನಿಮ್ಮ ಬಳಿಗೆ ಓಡಿ ಬಂದು, "ನೀರು... ಬೇಕು" ಎಂದು ಎರಡು ಪದಗಳ ನಡುವೆ ಉಸಿರೆಳೆದುಕೊಂಡರೆ ಅದು ತೀವ್ರ ಮಟ್ಟ.

ವಾರದಲ್ಲಿ ಕನಿಷ್ಠ ಮೂರು ದಿನ ಇಂಥ ತೀವ್ರ ಚಟುವಟಿಕೆಯ ಜೊತೆಗೆ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ಆಟಗಳೂ ಇರಬೇಕು. ಮೂಳೆಯ ವಿಷಯವನ್ನು ಹೆಚ್ಚಿನವರು ಮರೆಯುತ್ತಾರಾದ್ದರಿಂದ ಇಲ್ಲಿ ಸ್ವಲ್ಪ ವಿವರಿಸುತ್ತೇನೆ. ಮೂಳೆ ಜೀವಂತ ಅಂಗಾಂಶ; ಅದರ ಮೇಲೆ ಬೀಳುವ ಹೊರೆಗೆ ತಕ್ಕಂತೆ ಅದು ಗಟ್ಟಿಯಾಗುತ್ತದೆ. ಹಗ್ಗದಾಟದಲ್ಲಿ ಪ್ರತಿ ಸಲ ಪಾದ ನೆಲಕ್ಕೆ ಬಡಿದಾಗಲೂ ಆ ಸಣ್ಣ ಆಘಾತವೇ ಮೂಳೆಗೆ ಬೆಳೆಯುವ ಸೂಚನೆಯಾಗುತ್ತದೆ. ಈಜು ಹೃದಯಕ್ಕೂ ಶ್ವಾಸಕೋಶಕ್ಕೂ ಬಹಳ ಒಳ್ಳೆಯದು, ಆದರೆ ಮೈಭಾರವನ್ನು ನೀರೇ ಹೊರುವುದರಿಂದ ಮೂಳೆಗೆ ಆ ಸೂಚನೆ ಅಷ್ಟಾಗಿ ಸಿಗುವುದಿಲ್ಲ. ಹಾಗಾಗಿ ಈಜುವ ಮಗುವೂ ಜಿಗಿಯಬೇಕು, ಕುಂಟಬೇಕು, ಓಡಬೇಕು. ವಯಸ್ಕರ ಮೂಳೆರಾಶಿಯ ಬಹುಪಾಲು ಹದಿಹರೆಯ ಮುಗಿಯುವಷ್ಟರಲ್ಲಿ ಕೂಡಿಬಿಡುವುದರಿಂದ ಇದನ್ನು ಮುಂದೆ ನೋಡಿಕೊಳ್ಳೋಣ ಎನ್ನುವಂತಿಲ್ಲ.

ಇತರ ಲಾಭಗಳು ಕಣ್ಣಿಗೆ ಬೇಗ ಬೀಳುತ್ತವೆ. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುತ್ತದೆ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಹಗಲು ದಣಿದ ಮಗುವಿಗೆ ರಾತ್ರಿ ಬೇಗ ನಿದ್ದೆ ಹತ್ತುತ್ತದೆ. ಓಡಾಡಿ ಬಂದ ಮೇಲೆ ಪಾಠದ ಮೇಲಿನ ಗಮನವೂ ಸುಧಾರಿಸುತ್ತದೆ. ಹೊರಗಿನ ಹಗಲು ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಆರಂಭವಾಗುವ ಸಾಧ್ಯತೆ ಕಡಿಮೆ ಎಂಬುದೂ ಅಧ್ಯಯನಗಳಲ್ಲಿ ಕಂಡುಬಂದಿರುವುದರಿಂದ, ಆಯ್ಕೆಯಿದ್ದಾಗ ಒಳಾಂಗಣಕ್ಕಿಂತ ಹೊರಾಂಗಣವೇ ಮೇಲು.

ಐದು ವರ್ಷದೊಳಗಿನವರ ಲೆಕ್ಕ ಬೇರೆ. ಇನ್ನೂ ಅಂಬೆಗಾಲಿಡದ ಕೂಸನ್ನು ಎಚ್ಚರವಿರುವಾಗ ದಿನಕ್ಕೆ ಒಟ್ಟು 30 ನಿಮಿಷವಾದರೂ ಬೋರಲು ಮಲಗಿಸಿ, ಪಕ್ಕದಲ್ಲೇ ಕುಳಿತು ಆಡಿಸಬೇಕು. ಒಂದರಿಂದ ನಾಲ್ಕು ವರ್ಷದವರಿಗೆ ದಿನವಿಡೀ ಹಂಚಿಹೋದ 180 ನಿಮಿಷಗಳ ಓಡಾಟ ಬೇಕು. ಮೂರು ತುಂಬಿದ ಮೇಲೆ ಅದರಲ್ಲಿ 60 ನಿಮಿಷವಾದರೂ ಬಿರುಸಿನದ್ದಾಗಿರಬೇಕು. ತಳ್ಳುಗಾಡಿಯಲ್ಲೋ ಎತ್ತರದ ಕುರ್ಚಿಯಲ್ಲೋ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು.

ನಿಜವಾದ ಸವಾಲು ಹದಿಹರೆಯದ್ದು. 2016ರ ಜಾಗತಿಕ ಅಂದಾಜಿನಂತೆ 11ರಿಂದ 17 ವರ್ಷದವರಲ್ಲಿ ಶೇ. 81ರಷ್ಟು ಮಂದಿಯ ಚಟುವಟಿಕೆ ಸಾಲದಾಗಿತ್ತು. ಹುಡುಗಿಯರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚಿತ್ತು. ಈ ವಯಸ್ಸಿನಲ್ಲಿ ಆಜ್ಞೆ ನಡೆಯುವುದಿಲ್ಲ. ನೃತ್ಯವೋ ಸೈಕಲ್ಲೋ ಬೆಟ್ಟ ಹತ್ತುವುದೋ, ಆಯ್ಕೆಯನ್ನು ಅವರಿಗೇ ಬಿಟ್ಟು, ಸಾಧ್ಯವಾದರೆ ಜೊತೆಗೆ ಒಬ್ಬ ಗೆಳತಿಯನ್ನೋ ಗೆಳೆಯನನ್ನೋ ಸೇರಿಸುವುದು ಉಪದೇಶಕ್ಕಿಂತ ಫಲಕಾರಿ. ತೂಕದ ಮಾತನ್ನು ಎತ್ತದಿರುವುದು ಒಳಿತು. ತಪ್ಪು ಮಾಡಿದ್ದಕ್ಕೆ ಮೈದಾನ ಸುತ್ತಿಸುವ ಶಿಕ್ಷೆಯಂತೂ ಬೇಡವೇ ಬೇಡ. ಓಟವನ್ನು ಶಿಕ್ಷೆಯಾಗಿ ಕಂಡ ಮಗು ಅದನ್ನು ಮುಂದೆ ತಾನಾಗಿ ಆರಿಸಿಕೊಳ್ಳುತ್ತದೆ ಎಂದು ನಿರೀಕ್ಷಿಸುವುದು ಹೇಗೆ?

ಅತಿಯಾದರೂ ತೊಂದರೆಯೇ. ವರ್ಷವಿಡೀ ಒಂದೇ ಕ್ರೀಡೆಯಲ್ಲಿ ತೊಡಗಿದರೆ ಅದೇ ಕೀಲು, ಅದೇ ಸ್ನಾಯು ಮತ್ತೆ ಮತ್ತೆ ಸವೆದು ಗಾಯವಾಗುತ್ತದೆ. ಆದ್ದರಿಂದ ಆಟಗಳನ್ನು ಬದಲಿಸುತ್ತಾ, ಕಠಿಣ ತರಬೇತಿಗೆ ವಾರದಲ್ಲಿ ಒಂದೆರಡು ದಿನ ಬಿಡುವು ಕೊಡಬೇಕು. ಸುಡುಬಿಸಿಲಿನ ಹೊತ್ತನ್ನು ತಪ್ಪಿಸಿ, ಬಾಯಾರುವವರೆಗೆ ಕಾಯದೆ ನಡುನಡುವೆ ನೀರು ಕುಡಿಸಬೇಕು. ಆಸ್ತಮಾ ಇರುವ ಮಗುವನ್ನು ಆಟದಿಂದ ದೂರವಿಡುವ ಅಗತ್ಯವಿಲ್ಲ. ವೈದ್ಯರು ಸೂಚಿಸಿದ ಇನ್‌ಹೇಲರ್ ಕೈಗೆಟಕುವಂತಿರಬೇಕು, ಅದು ಎಲ್ಲಿದೆ ಎಂಬುದು ಶಿಕ್ಷಕರಿಗೂ ಗೊತ್ತಿರಬೇಕು. ಆದರೆ ಓಡುವಾಗ ಎದೆನೋವು ಬಂದರೆ, ಅಥವಾ ಮಗು ಪ್ರಜ್ಞೆ ತಪ್ಪಿ ಬಿದ್ದರೆ, ಅದನ್ನು ಬರೀ ಸುಸ್ತೆಂದು ಬಿಡದೆ ಆಟ ನಿಲ್ಲಿಸಿ ತಡಮಾಡದೆ ವೈದ್ಯರಿಗೆ ತೋರಿಸಬೇಕು.