ಬಾಸ್ಕೆಟ್‌ಬಾಲ್‌ನ ಟೈಮ್‌ಔಟ್: ಕೇಳುವುದು ಯಾವಾಗ, ಸಿಗುವುದು ಯಾವಾಗ

ಕೊಡಗಿನಲ್ಲಿ ಮಳೆಗಾಲ ಕಳೆದು ಅಂಗಳಗಳು ಒಣಗಿದ ಮೇಲೆ ಅಂತರ ಕಾಲೇಜು ಪಂದ್ಯಗಳ ಸ್ಕೋರರ್ ಮೇಜಿನಲ್ಲಿ ಕೂರುವವರಿಗೆ ಹೆಚ್ಚು ತಲೆನೋವು ತರುವುದು ಟೈಮ್‌ಔಟ್, ಅಂದರೆ ತಂಡದ ಕೋರಿಕೆಯ ಮೇಲೆ ಸಿಗುವ ಚಿಕ್ಕ ವಿರಾಮ. ಹಾಕಿಯಲ್ಲಿ ಪಳಗಿದ ನಮ್ಮವರಿಗೆ ಕೋಚ್ ತಾನೇ ಆಟ ನಿಲ್ಲಿಸಲು ಕೇಳಬಹುದೆಂಬುದೇ ಹೊಸತು. ಇಲ್ಲಿ ಹೇಳುತ್ತಿರುವುದು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫೀಬಾದ ನಿಯಮ; ಆಟ ನಡೆಯುತ್ತಿರುವಾಗಲೇ ಆಟಗಾರ ಟೈಮ್‌ಔಟ್ ಪಡೆಯುವ, ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಪದ್ಧತಿಯನ್ನು ಟಿವಿಯಲ್ಲಿ ನೋಡಿದವರು ಅದನ್ನು ಮರೆಯಬೇಕು.

ಮೊದಲಿಗೆ ಕೇಳುವುದನ್ನೂ ಸಿಗುವುದನ್ನೂ ಬೇರೆ ಮಾಡಿಕೊಳ್ಳಿ. ಮುಖ್ಯ ಕೋಚ್ ಅಥವಾ ಮೊದಲ ಸಹಾಯಕ ಕೋಚ್ ಮಾತ್ರ ಮೇಜಿನವರಿಗೆ ಕೈಸನ್ನೆಯೊಂದಿಗೆ ಸ್ಪಷ್ಟವಾಗಿ ಕೇಳಬೇಕು. ಚೆಂಡು ಆಟದಲ್ಲಿರುವಾಗ ಕೇಳಿದರೂ ತಪ್ಪಲ್ಲ, ಆದರೆ ಅವಕಾಶ ತೆರೆಯುವವರೆಗೆ ಕಾಯಬೇಕು. ಟೈಮ್‌ಔಟ್ ಸಾರುವ ಮೇಜಿನ ಹಾರ್ನ್ ಮೊಳಗುವ ಮುನ್ನ ಕೋರಿಕೆಯನ್ನು ಹಿಂತೆಗೆದುಕೊಳ್ಳಲೂಬಹುದು.

ಅವಕಾಶ ತೆರೆಯುವ ಸಂದರ್ಭಗಳು ಮೂರು. ಚೆಂಡು ನಿಂತು, ಗಡಿಯಾರ ನಿಂತು, ರೆಫ್ರಿ ಮೇಜಿನೊಂದಿಗಿನ ಸಂವಹನ ಮುಗಿಸಿದಾಗ ಎರಡೂ ತಂಡಗಳಿಗೆ. ಕೊನೆಯ ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಎದುರಾಳಿಯ ಅಡ್ಡಿಯಿಲ್ಲದ ಎಸೆತ) ಬಾಸ್ಕೆಟ್ ಆದಾಗಲೂ ಎರಡಕ್ಕೂ. ಆಟದ ನಡುವೆ ಬಾಸ್ಕೆಟ್ ಬಿದ್ದಾಗ ಅಂಕ ಬಿಟ್ಟುಕೊಟ್ಟ ತಂಡಕ್ಕೆ ಮಾತ್ರ. ಥ್ರೋ-ಇನ್‌ಗೆ (ಗೆರೆಯ ಹೊರಗಿನಿಂದ ಚೆಂಡನ್ನು ಒಳಗೆಸೆಯಲು) ಅಥವಾ ಮೊದಲ ಫ್ರೀ ಥ್ರೋಗೆ ಚೆಂಡು ಆಟಗಾರನ ವಶಕ್ಕೆ ಬಂದೊಡನೆ ಬಾಗಿಲು ಮುಚ್ಚುತ್ತದೆ.

ಎಡವಟ್ಟಾಗುವುದು ಫ್ರೀ ಥ್ರೋಗಳ ನಡುವೆಯೇ. ಮಡಿಕೇರಿ ತಂಡದ ಆಟಗಾರ್ತಿ ಎರಡು ಫ್ರೀ ಥ್ರೋಗಳ ಪೈಕಿ ಮೊದಲನೆಯದನ್ನು ಹಾಕಿದ ಮೇಲೆ ವಿರಾಜಪೇಟೆಯ ಕೋಚ್ ಕೇಳಿದರೆಂದುಕೊಳ್ಳಿ. ಆಗ ಕೊಡುವಂತಿಲ್ಲ, ಎರಡನೆಯದು ಬಾಸ್ಕೆಟ್ ಆದರೆ ಹಾರ್ನ್ ಒತ್ತಬೇಕು, ರಿಂಗ್‌ಗೆ ಬಡಿದು ಹೊರಚಿಮ್ಮಿ ಆಟ ಮುಂದುವರಿದರೆ ಆ ಕೋರಿಕೆ ಮುಂದಿನ ಅವಕಾಶಕ್ಕೆ ಉಳಿಯುತ್ತದೆ.

ನಾಲ್ಕನೇ ಕ್ವಾರ್ಟರ್‌ನ ಕೊನೆಯ 2 ನಿಮಿಷಗಳಲ್ಲಿ ಬಾಸ್ಕೆಟ್ ಬಿದ್ದಾಗ ಗಡಿಯಾರ ನಿಲ್ಲುತ್ತದೆ. ಗಡಿಯಾರ ನಿಂತಿದೆಯೆಂದು ಅಂಕ ಗಳಿಸಿದ ತಂಡವೂ ಟೈಮ್‌ಔಟ್ ಕೇಳುವುದುಂಟು. ರೆಫ್ರಿ ಆಟ ನಿಲ್ಲಿಸಿರದಿದ್ದರೆ ಕೊಡಬಾರದು. ಈ ಒಂದು ತಪ್ಪು ಸೋತವರ ಮುನಿಸಿಗೆ ಸಾಕು.

ಲೆಕ್ಕ ಸುಲಭ: ಪ್ರತಿ ತಂಡಕ್ಕೆ ಮೊದಲಾರ್ಧಕ್ಕೆ 2, ದ್ವಿತೀಯಾರ್ಧಕ್ಕೆ 3, ಪ್ರತಿ ಹೆಚ್ಚುವರಿ ಅವಧಿಗೆ 1. ಪ್ರತಿಯೊಂದೂ 1 ನಿಮಿಷದ್ದು. ದ್ವಿತೀಯಾರ್ಧದ 3ರಲ್ಲಿ ಆ ಕೊನೆಯ 2 ನಿಮಿಷಗಳಿಗೆ 2ಕ್ಕಿಂತ ಹೆಚ್ಚು ಉಳಿಸಿಕೊಳ್ಳುವಂತಿಲ್ಲವಾದ್ದರಿಂದ, ಒಂದನ್ನೂ ಬಳಸದ ಕೋಚ್‌ಗೆ ಒಂದು ಕೈತಪ್ಪಿತೆಂಬುದನ್ನು ಸ್ಕೋರರ್ ಹಾಳೆಯಲ್ಲಿ ಗುರುತಿಸಬೇಕು.