ಇಂಕ್‌ಜೆಟ್ ಶೀಟು, ಗಂಗಾವತಿ ಬಿಸಿಲು: ಅಂಗಡಿಯಲ್ಲೇ ನಾನು ಪಿಸಿಬಿ ಮಾಡುವ ರೀತಿ

ಕೈಯಲ್ಲೇ ಪಿಸಿಬಿ (ತಾಮ್ರದ ಗೆರೆಗಳಿಂದ ಬಿಡಿಭಾಗಗಳನ್ನು ಜೋಡಿಸುವ ಸರ್ಕ್ಯೂಟ್ ಬೋರ್ಡ್) ಮಾಡುವವರಲ್ಲಿ ಬಹಳ ಮಂದಿ ಲೇಸರ್ ಪ್ರಿಂಟರಿನ ಟೋನರನ್ನು ಇಸ್ತ್ರಿ ಪೆಟ್ಟಿಗೆ ಹಚ್ಚಿ ತಾಮ್ರಕ್ಕೆ ಅಂಟಿಸುತ್ತಾರೆ. ನನ್ನ ಹತ್ತಿರ ಇರುವುದು ಇಂಕ್‌ಜೆಟ್. ಅದರ ಶಾಯಿ ಕಾವಿಗೆ ಕರಗಿ ಅಂಟುವ ಜಾತಿಯದಲ್ಲ. ಹಾಗಾಗಿ ಪಾರದರ್ಶಕ ಶೀಟಿನ ಮೇಲೆ ಮುದ್ರಿಸಿ, ಬಿಸಿಲಿಗೆ ಹಿಡಿದು, ಡ್ರೈ ಫಿಲ್ಮ್ (ತಾಮ್ರಕ್ಕೆ ಅಂಟಿಸುವ, ಬೆಳಕಿಗೆ ಗಟ್ಟಿಯಾಗುವ ತೆಳು ಹಾಳೆ) ಮೇಲೆ ಚಿತ್ರ ಮೂಡಿಸುತ್ತೇನೆ. ಗೆರೆಗಳ ಅಂಚು ಟೋನರಿಗಿಂತ ಚೊಕ್ಕವಾಗಿ ಬರುತ್ತದೆ.

ನನ್ನ ಕೆಲಸ ಮೋಟಾರ್ ಸ್ಟಾರ್ಟರ್, ಪ್ಯಾನಲ್ ರಿಪೇರಿ. ತುಂಗಭದ್ರಾ ಎಡದಂಡೆ ಕಾಲುವೆ ಕಡೆಯ ರೈತರು ಮೋಟಾರ್ ಹಚ್ಚಿ ನೀರು ಎತ್ತುತ್ತಾರೆ. ನಾಟಿ ಹೊತ್ತಿನಲ್ಲಿ ಪ್ಯಾನಲ್ಲಿನ ಬೋರ್ಡ್ ಸುಟ್ಟರೆ, "ತಮ್ಮಾ, ರಾತ್ರಿ ತ್ರೀ ಫೇಸ್ ಬರೋದ್ರೊಳಗ ಆಗ್ಬೇಕ ನೋಡಪ" ಅಂತ ಬಾಗಿಲಲ್ಲೇ ಕೂತುಬಿಡುತ್ತಾರೆ. ಫ್ಯಾಕ್ಟರಿಗೆ ಫೈಲ್ ಕಳಿಸಿ ಪಾರ್ಸಲ್ ಕಾಯುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಹತ್ತಿಪ್ಪತ್ತು ಬೋರ್ಡ್ ಬೇಕಾದರೆ ನಾನೂ ಫ್ಯಾಕ್ಟರಿಗೇ ಕೊಡುತ್ತೇನೆ. ಒಂದೇ ಒಂದು, ಅದೂ ಸಂಜೆಯೊಳಗೆ ಬೇಕೆಂದಾಗ ಈ ವಿಧಾನ.

ಎಲ್ಲವೂ ನಿಂತಿರುವುದು ಶೀಟಿನ ಮೇಲಿನ ಕಪ್ಪಿನ ಮೇಲೆ. ಡ್ರೈ ಫಿಲ್ಮ್ ನೆಗೆಟಿವ್ ಜಾತಿಯದು: ಬೆಳಕು ಬಿದ್ದಲ್ಲಿ ಗಟ್ಟಿಯಾಗಿ ಉಳಿಯುತ್ತದೆ, ಬೀಳದಲ್ಲಿ ವಾಷಿಂಗ್ ಸೋಡಾ ನೀರಿಗೆ ತೊಳೆದುಹೋಗುತ್ತದೆ. ಆದ್ದರಿಂದ ಗೆರೆಗಳು ಖಾಲಿ, ಉಳಿದ ಜಾಗವೆಲ್ಲ ಕಪ್ಪು ಇರಬೇಕು. ಆ ಕಪ್ಪಿನ ಮೂಲಕ ನೇರಳಾತೀತ ಕಿರಣ ಸ್ವಲ್ಪ ಸೋರಿದರೂ ಹೋಗಬೇಕಾದ ಫಿಲ್ಮ್ ಅರ್ಧಂಬರ್ಧ ಉಳಿದು, ಎಚಿಂಗ್‌ನಲ್ಲಿ, ಅಂದರೆ ಬೇಡದ ತಾಮ್ರವನ್ನು ದ್ರಾವಣದಲ್ಲಿ ಕರಗಿಸುವಾಗ, ಅಲ್ಲಿನ ತಾಮ್ರ ಬಿಡುವುದಿಲ್ಲ. ಕಣ್ಣಿಗೆ ಗಾಢವಾಗಿ ಕಂಡದ್ದು ನೇರಳಾತೀತಕ್ಕೂ ಗಾಢವೆಂದು ನಂಬಬೇಡಿ. ಪಿಗ್ಮೆಂಟ್ (ಬಣ್ಣದ ಸಣ್ಣ ಕಣಗಳಿರುವ) ಕಪ್ಪು ಶಾಯಿ ಇದ್ದರೆ ಅದೇ ಒಳ್ಳೆಯದು. ಡೈ (ಬಣ್ಣ ಕರಗಿಸಿದ) ಶಾಯಿಯಾದರೆ ಎರಡು ಶೀಟು ಮುದ್ರಿಸಿ, ಒಂದರ ಮೇಲೊಂದು ಸರಿಯಾಗಿ ಕೂಡಿಸಿ, ಅಂಚಿಗೆ ಟೇಪ್ ಹಚ್ಚಿ.

ಶೀಟು ಇಂಕ್‌ಜೆಟ್ಟಿಗೆಂದೇ ಮಾಡಿದ್ದಿರಬೇಕು. ಝೆರಾಕ್ಸ್ ಅಂಗಡಿಯ ನುಣುಪು ಓಎಚ್‌ಪಿ ಶೀಟಿನಲ್ಲಿ ಶಾಯಿ ಹನಿಹನಿಯಾಗಿ ನಿಲ್ಲುತ್ತದೆ. ಲೇಪನವಿರುವ ಮಗ್ಗುಲು ಬೆರಳಿಗೆ ತುಸು ಒರಟು, ಅದರ ಮೇಲೇ ಮುದ್ರಿಸಬೇಕು. ಕಾಗದದ ಆಯ್ಕೆಯಲ್ಲಿ ಫೋಟೋ ಪೇಪರ್, ಗುಣಮಟ್ಟ ಗರಿಷ್ಠ, ಅಳತೆ ಕಡ್ಡಾಯವಾಗಿ 100 ಶೇಕಡಾ. ಚಿತ್ರದ ಪಕ್ಕ 100 ಮಿ.ಮೀ. ಗೆರೆಯೊಂದನ್ನು ಉದ್ದಕ್ಕೂ ಅಡ್ಡಕ್ಕೂ ಹಾಕಿ ಸ್ಕೇಲಿನಿಂದ ಅಳೆಯುತ್ತೇನೆ. ರೋಲರ್ ಎಳೆಯುವ ದಿಕ್ಕಿನಲ್ಲಿ ಕೆಲವು ಪ್ರಿಂಟರ್ ತುಸು ಹಿಗ್ಗಿಸುತ್ತವೆ, ನಲವತ್ತು ಕಾಲಿನ ಐಸಿ ಕೂರಿಸುವಾಗ ಅದು ಗೊತ್ತಾಗುತ್ತದೆ.

ಶಾಯಿ ಇರುವ ಮಗ್ಗುಲೇ ಫಿಲ್ಮಿಗೆ ತಾಗಬೇಕು. ನಡುವೆ ಶೀಟಿನ ದಪ್ಪ ಉಳಿದರೆ ಬೆಳಕು ಓರೆಯಾಗಿ ನುಸುಳಿ ಗೆರೆ ಹರಡುತ್ತದೆ. ನಾನು ಕಿಕ್ಯಾಡ್ ಎಂಬ ಪಿಸಿಬಿ ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಚಿತ್ರ ಬಿಡಿಸುತ್ತೇನೆ. ಅದರಲ್ಲಿ ಕೆಳಪದರದ ತಾಮ್ರಕ್ಕೆ ಕನ್ನಡಿ (ಮಿರರ್) ಆಯ್ಕೆ ಬೇಡ, ಮೇಲ್ಪದರಕ್ಕೆ ಬೇಕು. ಗೊಂದಲವಾದರೆ ಆ ಪದರದಲ್ಲೇ ಒಂದು ಅಕ್ಷರ ಬರೆಯಿರಿ: ಶಾಯಿ ಕೆಳಗಾಗಿ ಶೀಟು ಇಟ್ಟಾಗ ಅದು ನೆಟ್ಟಗೆ ಕಾಣಬೇಕು.

ಬೋರ್ಡ್ 1.6 ಮಿ.ಮೀ. ದಪ್ಪದ ಎಫ್‌ಆರ್-4 (ಗಾಜಿನ ನಾರು, ಎಪಾಕ್ಸಿ ಸೇರಿಸಿದ ಹಲಗೆ), ಅದರ ಮೇಲೆ 35 ಮೈಕ್ರಾನ್ ತಾಮ್ರ. ಪಾತ್ರೆ ತಿಕ್ಕುವ ಸ್ಕ್ರಬ್ಬರಿನಿಂದ ತಿಕ್ಕಿ ತೊಳೆದು ಒಣಗಿಸಿದ ಮೇಲೆ ಬೆರಳು ತಾಗಿಸುವುದಿಲ್ಲ. ಡ್ರೈ ಫಿಲ್ಮ್ ಹಪ್ಪಳದ ಹಾಗೆ ತೆಳುವಲ್ಲ, ಅದಕ್ಕೂ ತೆಳು. ಎರಡೂ ಬದಿಯಲ್ಲಿ ಕಾಪು ಹಾಳೆ ಇರುತ್ತದೆ. ಮೂಲೆಯ ಎರಡು ಮಗ್ಗುಲಿಗೂ ಸೆಲೋಟೇಪ್ ತುಂಡು ಅಂಟಿಸಿ ವಿರುದ್ಧ ದಿಕ್ಕಿಗೆ ಎಳೆದರೆ ಒಳಬದಿಯ ಹಾಳೆ ಚಟ್ಟನೆ ಬಿಡುತ್ತದೆ. ಅಂಚಿನಿಂದ ಶುರುಮಾಡಿ, ಗಾಳಿಗುಳ್ಳೆ ಬಾರದಂತೆ ಬಟ್ಟೆಯಿಂದ ಒತ್ತುತ್ತಾ ಹೋಗಿ, ಐಡಿ ಕಾರ್ಡ್ ಲ್ಯಾಮಿನೇಷನ್ ಮಷಿನ್ನಿನಲ್ಲಿ ಸುಮಾರು 110 ಡಿಗ್ರಿಯಲ್ಲಿ ನಾಲ್ಕಾರು ಸಲ ಹಾಯಿಸುತ್ತೇನೆ. ಇದೆಲ್ಲ ಕಿಟಕಿ ಮುಚ್ಚಿ, ಹಳದಿ ಬಲ್ಬಿನಡಿ. ನಮ್ಮ ಸೆಕೆಗೆ ಫಿಲ್ಮ್ ಬೇಗ ಕೆಡುತ್ತದೆ, ಕಪ್ಪು ಕವರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ.

ಬೋರ್ಡಿನ ಮೇಲೆ ಶೀಟು, ಶೀಟಿನ ಮೇಲೆ ಕಿಟಕಿ ಗಾಜು, ನಾಲ್ಕು ಕಡೆ ಕ್ಲಿಪ್. ಬಿಸಿಲಿಗೆ ಇಂತಿಷ್ಟೇ ಹೊತ್ತು ಎಂದು ನಾನು ಹೇಳುವುದಿಲ್ಲ. ಏಪ್ರಿಲ್ ನಡುಮಧ್ಯಾಹ್ನದ ಬಿಸಿಲೇ ಬೇರೆ, ಡಿಸೆಂಬರ್ ಬೆಳಗಿನದೇ ಬೇರೆ. ತುಂಡು ಬೋರ್ಡಿನ ಮೇಲೆ ರಟ್ಟು ಮುಚ್ಚಿ, ಐದೈದು ಸೆಕೆಂಡಿಗೆ ಸ್ವಲ್ಪ ಸ್ವಲ್ಪ ಸರಿಸಿ, ಡೆವಲಪ್ ಮಾಡಿ (ಸೋಡಾ ನೀರಿನಲ್ಲಿ ತೊಳೆದು) ನೋಡಿದರೆ ಆ ದಿನದ ಲೆಕ್ಕ ಸಿಗುತ್ತದೆ. ಬೆಳಕು ಬಿದ್ದ ಫಿಲ್ಮ್ ಗಾಢ ನೀಲಿಯಾಗುತ್ತದೆ. ಮೋಡವಿದ್ದ ದಿನಕ್ಕೆ ನೇರಳಾತೀತ ಎಲ್‌ಇಡಿ ಪೆಟ್ಟಿಗೆ ಇಟ್ಟುಕೊಂಡಿದ್ದೇನೆ, ಆದರೂ ಬಿಸಿಲಿನಷ್ಟು ಸಮನಾಗಿ ಅದು ಬೆಳಗುವುದಿಲ್ಲ.

ಡೆವಲಪರ್ ಎಂದರೆ ವಾಷಿಂಗ್ ಸೋಡಾ, ಲೀಟರಿಗೆ 10 ಗ್ರಾಂ. ನೀರಿನ ವಿಷಯ ಮಾತ್ರ ಗಮನಿಸಿ. ಬೋರಿನ ಗಡಸು ನೀರಿಗೆ ಸೋಡಾ ಹಾಕಿದರೆ ಸುಣ್ಣ ಒಡೆದು ಬೆಳ್ಳಗೆ ಕದಡುತ್ತದೆ, ಸೋಡಾದ ಬಲ ಸ್ವಲ್ಪ ಅಲ್ಲೇ ಹೋಗುತ್ತದೆ. ಶುದ್ಧ ನೀರಿನ ಘಟಕದ ಕ್ಯಾನ್ ನೀರು ಬಳಸಿ. ಅದು 30 ಡಿಗ್ರಿ ಆಸುಪಾಸು ಇರಲಿ. ಬೇಸಿಗೆಯಲ್ಲಿ ಮಾಳಿಗೆ ಟ್ಯಾಂಕಿನ ನೀರು ಎಷ್ಟು ಕಾದಿರುತ್ತದೆಂದರೆ ಸಣ್ಣ ಗೆರೆಗಳೂ ಎದ್ದುಬಿಡುತ್ತವೆ. ಸೋಡಾ ನೀರಿಗೆ ಹಾಕುವ ಮುನ್ನ ಮೇಲಿನ ಕಾಪು ಹಾಳೆ ತೆಗೆಯಲೇಬೇಕು. ಮೆತ್ತನೆ ಬ್ರಷ್ಷಿನಿಂದ ಸವರುತ್ತಾ ಹೋದಂತೆ ಗೆರೆಗಳ ನಡುವೆ ತಾಮ್ರ ಹೊಳೆಯತೊಡಗುತ್ತದೆ. ಆ ಹೊಳಪು ಎಲ್ಲ ಕಡೆ ಒಂದೇ ಸಮ ಕಂಡರೆ ಬೋರ್ಡ್ ಗೆದ್ದ ಹಾಗೆ.

ಮುಂದಿನದು ಎಚಿಂಗ್: ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡ್ ದ್ರಾವಣ, ಪ್ಲಾಸ್ಟಿಕ್ ಟ್ರೇ, ಕೈಗೆ ಗ್ಲೌಸ್. ತಾಮ್ರ ತಿಂದ ಮೇಲೆ ಉಳಿದ ಫಿಲ್ಮನ್ನು ತೆಳು ಕಾಸ್ಟಿಕ್ ಸೋಡಾ ಬಿಡಿಸುತ್ತದೆ. ಇಲ್ಲಿ ಕನ್ನಡಕ ಕಡ್ಡಾಯ. 0.4 ಮಿ.ಮೀ. ಗೆರೆ ನನಗೆ ನಂಬಿಕೆಯಿಂದ ಬರುತ್ತದೆ, 0.25 ಸಹ ಬರುತ್ತದೆ. ಆದರೆ ಸ್ಟಾರ್ಟರ್ ಬೋರ್ಡಿಗೆ ಅಷ್ಟು ಸಣ್ಣದು ಬೇಕಿಲ್ಲ. ಅಲ್ಲಿ ನಾನು ಬಿಗಿ ಹಿಡಿಯುವುದು ಅಂತರವನ್ನು: 415 ವೋಲ್ಟಿನ ಬದಿಗೂ ಕಡಿಮೆ ವೋಲ್ಟಿನ ಬದಿಗೂ ನಡುವೆ 6 ಮಿ.ಮೀ.ಗಿಂತ ಕಡಿಮೆ ಬಿಡುವುದಿಲ್ಲ.

ಬಳಸಿದ ಫೆರಿಕ್ ಕ್ಲೋರೈಡನ್ನು ಚರಂಡಿಗೆ ಚೆಲ್ಲುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ಅದರಲ್ಲಿ ಕರಗಿದ ತಾಮ್ರ ಮೀನಿಗೂ ಬೆಳೆಗೂ ವಿಷ, ಕಾಲುವೆ ನೀರನ್ನು ಊರೂರೇ ಕುಡಿಯುತ್ತದೆ. ಹಳೇ ದ್ರಾವಣಕ್ಕೆ ಕಬ್ಬಿಣದ ಚೂರು ಹಾಕಿಟ್ಟರೆ ತಾಮ್ರ ಕೆಂಪು ಪುಡಿಯಾಗಿ ತಳಕ್ಕಿಳಿಯುತ್ತದೆ. ಮೇಲಿನ ನೀರಿಗೆ ನೊರೆ ನಿಲ್ಲುವ ತನಕ ವಾಷಿಂಗ್ ಸೋಡಾ ಹಾಕಿ, ಕೆಸರನ್ನು ಬಿಸಿಲಿನಲ್ಲಿ ಒಣಗಿಸಿ, ಮುಚ್ಚಳದ ಡಬ್ಬಿಯಲ್ಲಿ ಬೇರೆ ಇಡುತ್ತೇನೆ.

ರಂಧ್ರ ಕೊರೆದು ಬೆಸುಗೆ ಹಾಕಿದ ಮೇಲೆ ತಾಮ್ರದ ಮಗ್ಗುಲಿಗೆ ಪಿಸಿಬಿ ಲ್ಯಾಕರ್ ಎರಡು ಕೈ ಬಳಿಯುತ್ತೇನೆ. ಹೊಲದ ಪ್ಯಾನಲ್ಲಿಗೆ ಇರುವೆ, ಹಲ್ಲಿ ನುಗ್ಗುವುದು ಇದ್ದದ್ದೇ. ಶೀಟನ್ನು ಬಿಸಾಡುವುದಿಲ್ಲ, ರೈತರ ಹೆಸರು, ಮೋಟಾರಿನ ಎಚ್‌ಪಿ ಬರೆದು ಫೈಲಿಗೆ ಸೇರಿಸುತ್ತೇನೆ. ಅದೇ ಬೋರ್ಡ್ ಮತ್ತೆ ಬೇಕಾದಾಗ ನೇರ ಬಿಸಿಲಿಗೇ ಹೋಗಬಹುದು.